ಚೀಟಿಯಲ್ಲಿ ಬರೆಯದೇ ಬಿಟ್ಟದ್ದು

"ಊಟ ಎಲ್ಲಾ ಹೇಗೆ?" ಅಂತ ಡಾಕ್ಟರ್ ಕೇಳಿದರು.

"ಮನೆ ಊಟಾನೇ ಡಾಕ್ಟ್ರೇ" ಅಂದೆ.

ಯೋಚಿಸಿ ಕೊಟ್ಟ ಉತ್ತರವಲ್ಲ ಅದು. ಹೆಸರು ಕೇಳಿದಾಗ ಹೆಸರು ಹೇಳಿದ ಹಾಗೆ ಬಾಯಿಗೆ ಬಂತು. ಅವರು ಸಣ್ಣಗೆ ನಕ್ಕರು. ದಿನಕ್ಕೆ ಮೂವತ್ತು ಸಲ ಇದೇ ಮಾತು ಕೇಳುವವರ ನಗು. ಮೇಜಿನ ಮೇಲೆ ನನ್ನ ರಕ್ತದ ರಿಪೋರ್ಟ್ ಇತ್ತು. ಎಚ್‌ಬಿಎ1ಸಿ 6.1. ಕಳೆದ ಎರಡು ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ಹೇಳುವ ಪರೀಕ್ಷೆ ಇದು. 5.7ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನನ್ನದು ನಡುವೆ. "ಹೊಸ್ತಿಲ ಮೇಲೆ ನಿಂತಿದ್ದೀರಿ" ಅಂದರು.

ಆ ಹೊಸ್ತಿಲ ಮೇಲೆ ನೂಕುನುಗ್ಗಲೇ ಇದೆ ಬಿಡಿ. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನವರ ದೊಡ್ಡ ಸಮೀಕ್ಷೆಯ ಲೆಕ್ಕ ಬಂತು. ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ. ನನ್ನ ಹಾಗೆ ಹೊಸ್ತಿಲ ಮೇಲೆ ನಿಂತವರು 13.6 ಕೋಟಿ. ಅದರಲ್ಲಿ ಎಷ್ಟು ಜನ "ಮನೆ ಊಟಾನೇ" ಅಂದಿರಬಹುದು ಅಂತ ಆಟೋದಲ್ಲಿ ಬರುವಾಗ ಯೋಚಿಸುತ್ತಿದ್ದೆ. ಪಕ್ಕದಲ್ಲಿದ್ದ ಹೆಂಡತಿ ಅದುವರೆಗೆ ಏನೂ ಮಾತಾಡಿರಲಿಲ್ಲ. ಕುವೆಂಪುನಗರದ ತಿರುವು ಬಂದಾಗ ಹೇಳಿದಳು: "ಮನೆ ಊಟ ಅಂದ್ರಲ್ಲ ರೀ, ಮನೇಗೆ ಏನೇನು ತರ್ತೀರಿ ಅಂತ ಒಂದ್ಸಲ ಬಿಲ್ ತೆಗೆದು ನೋಡಿ."

ನಮ್ಮ ಮನೆಗೆ ಸಾಮಾನು ತರುವವನು ನಾನು. ತಿಂಗಳ ಮೊದಲ ಭಾನುವಾರ ಸೂಪರ್‌ಮಾರ್ಕೆಟ್‌ಗೆ ಹೋಗಿ ತಳ್ಳುಗಾಡಿ ತುಂಬಿಸಿಕೊಂಡು ಬರುವುದು ನನಗೆ ಖುಷಿಯ ಕೆಲಸ. ಬಿಲ್ಲುಗಳನ್ನು ಬಿಸಾಡುವ ಅಭ್ಯಾಸವಿಲ್ಲ, ಡ್ರಾಯರ್‌ನಲ್ಲಿ ತುರುಕಿಡುತ್ತೇನೆ. ಆ ರಾತ್ರಿ ಒಂದನ್ನು ಬಿಡಿಸಿದೆ. ತೋಳಿನಷ್ಟು ಉದ್ದ. ಪೆನ್ಸಿಲ್ ಹಿಡಿದು ಕೂತೆ. ಒಲೆ ಹಚ್ಚದೆ ತಿನ್ನಲಾಗದ ಸಾಮಾನಿಗೆ ಒಂದು ಗುರುತು. ಕತ್ತರಿಯಲ್ಲಿ ಮೂಲೆ ಕತ್ತರಿಸಿ ಸೀದಾ ಬಾಯಿಗೆ ಹಾಕಬಹುದಾದ್ದಕ್ಕೆ ಇನ್ನೊಂದು. ಒಲೆ ಸಾಮಾನು, ಕತ್ತರಿ ಸಾಮಾನು ಅಂತ ನಾನೇ ಹೆಸರಿಟ್ಟುಕೊಂಡೆ. ಸೋಪು, ಫಿನಾಯಿಲು, ಊದುಬತ್ತಿ ಬಿಟ್ಟರೆ 49 ಬಾಬತ್ತು. ಅದರಲ್ಲಿ 22 ಕತ್ತರಿ ಸಾಮಾನು. ಬಿಸ್ಕತ್ತು ಐದು ಥರ. ಚಿಪ್ಸ್, ಮಿಕ್ಸ್‌ಚರ್, ಜಾಮ್, ಸಾಸ್, ಜ್ಯೂಸ್, ಹಾಲಿಗೆ ಹಾಕುವ ಪುಡಿ, ಎರಡು ನಿಮಿಷದ ನೂಡಲ್ಸ್ (ಇದಕ್ಕೆ ಬಿಸಿನೀರು ಬೇಕು, ಆದರೂ ಒಲೆ ಸಾಮಾನು ಅನ್ನಲು ಮನಸ್ಸು ಬರಲಿಲ್ಲ). ಒಲೆ ಮೇಲೆ ಬೇಯುತ್ತಿದ್ದದ್ದು ಮನೆ ಊಟವೇ, ಸುಳ್ಳಲ್ಲ. ಒಲೆ ಆರಿದಾಗ ತಿನ್ನುತ್ತಿದ್ದದ್ದರ ಲೆಕ್ಕ ನಾನು ಇಟ್ಟಿರಲಿಲ್ಲ, ಅಷ್ಟೇ.

ಅದೇ ಡ್ರಾಯರ್‌ನಲ್ಲಿ ಅಪ್ಪನ 1988ರ ಡೈರಿಯೂ ಇತ್ತು. ಅದರ ನಡುವೆ ಅಮ್ಮ ಬರೆದ ಒಂದು ಸಾಮಾನು ಚೀಟಿ. ಅಪ್ಪ ಹುಣಸೂರಿನಲ್ಲಿ ಮೇಷ್ಟ್ರಾಗಿದ್ದರು, ನನಗಾಗ ಹತ್ತು ವರ್ಷ. ಮಕ್ಕಳ ನೋಟ್‌ಪುಸ್ತಕದಿಂದ ಹರಿದ ಹಾಳೆ. ಮೇಲೆ ಶ್ರೀ ಅಂತ ಬರೆದು, ಕೆಳಗೆ ಒಂದರ ಕೆಳಗೊಂದು: ಅಕ್ಕಿ, ರಾಗಿ, ತೊಗರಿಬೇಳೆ 5 ಕೆಜಿ, ಹೆಸರುಕಾಳು, ಅಲಸಂದೆ, ಹುರುಳಿ, ಕಡಲೆಕಾಳು, ಉದ್ದಿನಬೇಳೆ, ಧನಿಯ, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು, ಬೆಲ್ಲ, ಕಡಲೆಕಾಯಿ ಎಣ್ಣೆ... ಒಟ್ಟು 31. ಕತ್ತರಿ ಸಾಮಾನು ಹುಡುಕಿದರೆ ಒಂದೇ ಒಂದು, ಕೊನೆಯ ಸಾಲಿನಲ್ಲಿ: "ಬಿಸ್ಕತ್ತು 2 (ಮಕ್ಕಳಿಗೆ)".

ಆ ಚೀಟಿ ಹೋಗುತ್ತಿದ್ದದ್ದು ಶೆಟ್ಟರ ಅಂಗಡಿಗೆ. "ಬನ್ನಿ ಮೇಷ್ಟ್ರೇ" ಅಂತ ಶೆಟ್ಟರು ಚೀಟಿ ಇಸಿದುಕೊಂಡು ಗಟ್ಟಿಯಾಗಿ ಓದುತ್ತಿದ್ದರು. ಒಳಗಿದ್ದ ಹುಡುಗ ಒಂದೊಂದನ್ನೇ ತೂಗಿ, ಪೊಟ್ಟಣ ಕಟ್ಟಿ, ದಾರ ಸುತ್ತಿ ಇಡುತ್ತಿದ್ದ. ನಾನು ಮೂಟೆ ಮೇಲೆ ಕೂತು ಕೈಗೆ ಬರುವ ಒಂದು ಹಿಡಿ ಹುರಿಗಡಲೆಗೆ ಕಾಯುತ್ತಿದ್ದೆ. ಆ ಅಂಗಡಿಯಲ್ಲಿ ಯಾವ ಸಾಮಾನೂ ಗಿರಾಕಿಯ ಕೈಗೆ ಸಿಗುತ್ತಿರಲಿಲ್ಲ. ಎಲ್ಲವೂ ಶೆಟ್ಟರ ಬೆನ್ನ ಹಿಂದೆ. ಬೇಕಾದರೆ ಬಾಯಿಬಿಟ್ಟು ಕೇಳಬೇಕು. ಚೀಟಿಯಲ್ಲಿ ಇಲ್ಲದ್ದು ಮನೆಗೆ ಬರುತ್ತಿರಲಿಲ್ಲ.

ಈಗ ಚೀಟಿಯೇ ಬೇಡ, ಕಣ್ಣೇ ಚೀಟಿ ಬರೆಯುತ್ತದೆ. ಬೇಳೆಗೆ ಅಂತ ಹೊರಟವನು ಚಾಕೊಲೇಟು, ಕೇಕು, ಕೂಲ್‌ಡ್ರಿಂಕ್ಸ್ ದಾಟಿಯೇ ಹೋಗಬೇಕು. ದುಡ್ಡು ಕೊಡುವ ಜಾಗದಲ್ಲಿ ಸರತಿಯಲ್ಲಿ ನಿಂತರೆ ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ಮಿಠಾಯಿ. ಒಂದು ತಗೊಂಡರೆ ಇನ್ನೊಂದು ಫ್ರೀ ಅನ್ನುವ ಬೋರ್ಡು ಬಿಸ್ಕತ್ತಿನ ಮೇಲೆ ಇರುತ್ತದೆ. ಹುರುಳಿಕಾಳಿನ ಮೇಲೆ ನಾನಂತೂ ಇದುವರೆಗೆ ನೋಡಿಲ್ಲ.

ಇಲ್ಲಿಗೆ ಬಂದಾಗ "ಹಿಂದಿನವರ ಊಟವೇ ಊಟ" ಅಂತ ಹಾಡು ಶುರು ಮಾಡುವುದು ಸುಲಭ. ನಾನೂ ಅರ್ಧ ಶುರು ಮಾಡಿದ್ದೆ. ಆದರೆ ಚೀಟಿಯನ್ನು ಇನ್ನೊಂದು ಸಲ ಓದಿದೆ. ಸಕ್ಕರೆ 5 ಕೆಜಿ, ಅದರ ಜೊತೆಗೆ ಬೆಲ್ಲ ಬೇರೆ. ವನಸ್ಪತಿ 1 ಕೆಜಿ. ಎಣ್ಣೆಗೆ ಹೈಡ್ರೋಜನ್ ಹಾಯಿಸಿ ತುಪ್ಪದ ಹಾಗೆ ಗಟ್ಟಿ ಮಾಡಿದ ಆ ವನಸ್ಪತಿಯಲ್ಲೇ ಟ್ರಾನ್ಸ್ ಫ್ಯಾಟ್ ತುಂಬಿರುತ್ತಿತ್ತು. ಕೆಟ್ಟ ಕೊಲೆಸ್ಟ್ರಾಲ್ ಏರಿಸಿ ಒಳ್ಳೆಯದನ್ನು ಇಳಿಸುವ ಕೊಬ್ಬು ಅದು. ನಮ್ಮ ದೇಶದಲ್ಲಿ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದು ನೂರಕ್ಕೆ 2ಕ್ಕಿಂತ ಹೆಚ್ಚಿರಬಾರದು ಅಂತ ನಿಯಮ ಬಂದದ್ದು 2022ರ ಜನವರಿಯಲ್ಲಿ. ನಮ್ಮ ಮನೆಯ ದೀಪಾವಳಿ ಕಜ್ಜಾಯಗಳೆಲ್ಲ ಅದರಲ್ಲೇ ಕರಿದವು. ಅಪ್ಪನಿಗೆ ಐವತ್ತು ದಾಟುವ ಮೊದಲೇ ಸಕ್ಕರೆ ಕಾಯಿಲೆ ಬಂದಿತ್ತು, ಪ್ಯಾಕೆಟ್ ತಿಂಡಿಯ ರುಚಿ ಹೆಚ್ಚು ನೋಡದ ಮನುಷ್ಯನಿಗೆ. ಹಾಗಾಗಿ ಆ ಚೀಟಿಯನ್ನು ಪೂಜೆ ಮಾಡುವುದು ಬೇಡ. ಪಕ್ಕದಲ್ಲಿಟ್ಟುಕೊಂಡು ಲೆಕ್ಕ ಹಾಕೋಣ ಅನ್ನಿಸಿತು.

ಲೆಕ್ಕಕ್ಕೆ ಅಳತೆ ಬೇಕಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗೆ ಅಂತ ಹೊಸ ಆಹಾರ ಮಾರ್ಗಸೂಚಿ ತಂದಿತು. ಅದರಲ್ಲಿ ದಿನದ ತಟ್ಟೆ ಅಂತ ಒಂದು ಚಿತ್ರ ಇದೆ. ದಿನಕ್ಕೆ 2000 ಕ್ಯಾಲರಿ ಬೇಕಾದವರಿಗೆ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು 85 ಗ್ರಾಂ, ಎಣ್ಣೆ ತುಪ್ಪ ಎಲ್ಲಾ ಸೇರಿ 27 ಗ್ರಾಂ. ಇಂಥ ಅಳತೆ ಓದಿದಾಗ ನನಗೆ ಯಾವತ್ತೂ ಏನೂ ಅನ್ನಿಸಿರಲಿಲ್ಲ. ತಟ್ಟೆ ಮುಂದೆ ತಕ್ಕಡಿ ಇಟ್ಟುಕೊಂಡು ಯಾರು ಉಣ್ಣುತ್ತಾರೆ? ಆದರೆ ಬಿಲ್ ಮುಂದಿಟ್ಟುಕೊಂಡು ಅದನ್ನು ಚೀಲದ ಲೆಕ್ಕಕ್ಕೆ ತಿರುಗಿಸಿದಾಗ ಬೇರೆಯೇ ಕಂಡಿತು.

ಮನೆಯಲ್ಲಿ ನಾಲ್ಕು ಜನ. ಅಮ್ಮ, ನಾವಿಬ್ಬರು, ಕಾಲೇಜಿಗೆ ಹೋಗುವ ಮಗಳು. ಧಾನ್ಯ ತಿಂಗಳಿಗೆ 30 ಕೆಜಿ ಆಗಬೇಕು. ನಾನು ತರುತ್ತಿದ್ದದ್ದು ಅಕ್ಕಿ 25, ಗೋಧಿಹಿಟ್ಟು 5, ರಾಗಿ 2, ರವೆ ಅವಲಕ್ಕಿ ಸೇರಿ ಇನ್ನೊಂದೆರಡು. ಇದರ ಮೇಲೆ ಬ್ರೆಡ್ಡು ಬಿಸ್ಕತ್ತಿನ ಮೈದಾ. ಅಂದರೆ ಧಾರಾಳ. ಬೇಳೆಕಾಳು 10 ಕೆಜಿ ಆಗಬೇಕು, ತರುತ್ತಿದ್ದದ್ದು 4. ಅದರಲ್ಲಿ ಎರಡು ಕೆಜಿ ಸಾರಿನ ತೊಗರಿಬೇಳೆ, ಒಂದು ಕೆಜಿ ದೋಸೆಯ ಉದ್ದು. ಇಡೀ ಕಾಳು ಅಂತ ಬರುತ್ತಿದ್ದದ್ದು ಹೆಚ್ಚೂಕಡಿಮೆ ಒಂದು ಕೆಜಿ, ಅದೂ ತಿಂಗಳ ಕೊನೆಗೆ ಡಬ್ಬದ ತಳದಲ್ಲಿ ಉಳಿದಿರುತ್ತಿತ್ತು.

ತರಕಾರಿಯ ಲೆಕ್ಕ ಹಾಕಿದಾಗ ತಪ್ಪು ಗುಣಿಸಿದೆ ಅಂದುಕೊಂಡು ಎರಡು ಸಲ ನೋಡಿದೆ. ನಾಲ್ಕು ಜನಕ್ಕೆ ದಿನಕ್ಕೆ 1.6 ಕೆಜಿ. ವಾರಕ್ಕೆ ಹನ್ನೊಂದು ಕೆಜಿ ಚಿಲ್ಲರೆ! ನನ್ನ ಚೀಲ ವಾರಕ್ಕೆ ಐದು ಕೆಜಿ ಕಂಡರೆ ದೊಡ್ಡದು. ಅದರಲ್ಲೂ ಎರಡು ಕೆಜಿ ಈರುಳ್ಳಿ, ಆಲೂಗಡ್ಡೆ. ನಾವು ಸಸ್ಯಾಹಾರಿಗಳು ಅಂತ ಎದೆ ಸೆಟೆಸಿ ಹೇಳಿಕೊಳ್ಳುವವರು. ಲೆಕ್ಕ ನೋಡಿದರೆ ನಾವು ಅಕ್ಕಿಯಾಹಾರಿಗಳು.

ಉಪ್ಪಿನ ಲೆಕ್ಕ ಸುಲಭ, ನೀವೂ ಮಾಡಿ ನೋಡಬಹುದು. ತಲೆಗೆ ದಿನಕ್ಕೆ 5 ಗ್ರಾಂ ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ಜನಕ್ಕೆ 20 ಗ್ರಾಂ, ಅಂದರೆ ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆದಿಟ್ಟೆ. 26ನೇ ದಿನ ಖಾಲಿ. "ನಿಂಬೆಕಾಯಿ ಉಪ್ಪಿನಕಾಯಿ ಹಾಕಿದ್ದೆ ಕಣೋ" ಅಂತ ಅಮ್ಮ ಸಮಜಾಯಿಷಿ ಕೊಟ್ಟಳು. ಆ ಉಪ್ಪಿನಕಾಯಿಯನ್ನೂ ನಾವೇ ತಾನೇ ತಿನ್ನೋದು?

ಸಕ್ಕರೆಯಲ್ಲಿ ಮಾತ್ರ ನಾನು ಪಾಸಾಗಿದ್ದೆ, ಅಥವಾ ಹಾಗಂದುಕೊಂಡಿದ್ದೆ. ದಿನಕ್ಕೆ ತಲೆಗೆ 25 ಗ್ರಾಂ ಅಂದರೆ ತಿಂಗಳಿಗೆ 3 ಕೆಜಿ. ನಾನು ತರುವುದೂ ಸರಿಯಾಗಿ 3 ಕೆಜಿ. ಆಮೇಲೆ ಪ್ಯಾಕೆಟ್‌ಗಳ ಬೆನ್ನು ತಿರುಗಿಸಿದೆ. ಹಾಲಿಗೆ ಹಾಕುವ ಪುಡಿಯ ಒಂದು ಕೆಜಿ ಡಬ್ಬದಲ್ಲಿ ಸಕ್ಕರೆ 350 ಗ್ರಾಂ ಆಸುಪಾಸು. ಎರಡು ಕೆಜಿ ಬಿಸ್ಕತ್ತಿನಲ್ಲಿ 400ರ ಮೇಲೆ. ನಾಲ್ಕು ಲೀಟರ್ ಜ್ಯೂಸಿನಲ್ಲಿ ಅರ್ಧ ಕೆಜಿ. ಜಾಮಿನ ಬಾಟಲಿಯಲ್ಲಿ 300. ಒಟ್ಟು ಒಂದೂವರೆ ಕೆಜಿಗೂ ಜಾಸ್ತಿ ಸಕ್ಕರೆ, ಸಕ್ಕರೆ ಅನ್ನುವ ಹೆಸರೇ ಇಲ್ಲದೆ ಮನೆಗೆ ಬಂದಿತ್ತು. ಇದಕ್ಕೆ ಬೆಲ್ಲ ಸೇರಿಸಿಲ್ಲ. ಬೆಲ್ಲ ಒಳ್ಳೇದು ಅಲ್ವಾ ಅಂತ ಕೇಳುವವರಿದ್ದಾರೆ. ಮಂಡ್ಯದ ಬೆಲ್ಲದ ರುಚಿಗೆ ನನ್ನ ತಕರಾರಿಲ್ಲ. ರಕ್ತಕ್ಕೆ ಹೋದ ಮೇಲೆ ಅದೂ ಸಕ್ಕರೆಯೇ.

ಆಮೇಲಿನ ಒಂದು ತಿಂಗಳು ನಾನು ಅಂಗಡಿಯಲ್ಲಿ ಪ್ಯಾಕೆಟ್ ಓದುವ ಹುಚ್ಚನಾದೆ. ಕನ್ನಡಕ ಹಣೆಗೇರಿಸಿ, ಪ್ಯಾಕೆಟ್ ಮೂಗಿಗೆ ತಾಗಿಸಿ ನಿಲ್ಲುವ ಗಂಡಸನ್ನು ನೀವು ಮೈಸೂರಿನ ಯಾವುದಾದರೂ ಸೂಪರ್‌ಮಾರ್ಕೆಟ್‌ನಲ್ಲಿ ನೋಡಿದ್ದರೆ ಅದು ನಾನೇ ಇರಬೇಕು. ಕಲಿತದ್ದರಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಒಂದೇ ಸಂಗತಿ. ಪದಾರ್ಥಗಳ ಪಟ್ಟಿಯನ್ನು ತೂಕದ ಪ್ರಕಾರ ಬರೆಯಬೇಕು ಅಂತ ಕಾನೂನಿದೆ. ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ಪ್ಯಾಕೆಟ್‌ನ ಮುಖ ಏನು ಬೇಕಾದರೂ ಹೇಳಲಿ, ಪಟ್ಟಿಯ ಮೊದಲ ಮೂರು ಹೆಸರು ಓದಿದರೆ ಒಳಗೆ ಯಾರಿದ್ದಾರೆ ಅಂತ ಗೊತ್ತಾಗುತ್ತದೆ.

ಮಗಳಿಗೆ ಒಳ್ಳೇದು ಅಂತ ರಾಗಿ ಬಿಸ್ಕತ್ತು ತರುತ್ತಿದ್ದೆ. ಮುಂದೆ ದೊಡ್ಡ ರಾಗಿ ತೆನೆಯ ಚಿತ್ರ. ಹಿಂದೆ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಪಾಮ್ ಎಣ್ಣೆ, ನಾಲ್ಕನೆಯದು ರಾಗಿ. ರಾಗಿಯ ಹೆಸರು ಕೆಟ್ಟದ್ದೇನಲ್ಲ, ಅದರಲ್ಲಿರುವ ಸುಣ್ಣದ ಅಂಶ ಪಾಲಿಶ್ ಅಕ್ಕಿಗಿಂತ ಮೂವತ್ತು ಪಟ್ಟಿಗೂ ಹೆಚ್ಚು. ಆದರೆ ಅದು ಸಿಗಬೇಕಾದರೆ ರಾಗಿ ತಿನ್ನಬೇಕು, ರಾಗಿಯ ಚಿತ್ರವನ್ನಲ್ಲ. ಎರಡು ಕಿಲೋಮೀಟರ್ ದೂರದ ಮಿಲ್ಲಿನಲ್ಲಿ ಹಿಟ್ಟು ಮಾಡಿಸಿದರೆ ಆ ಬಿಸ್ಕತ್ತಿನ ದುಡ್ಡಿಗೆ ಒಂದು ವಾರದ ಮುದ್ದೆ ಆಗುತ್ತದೆ. ಕಂದು ಬಣ್ಣದ ಬ್ರೆಡ್ಡಿನ ಕಥೆಯೂ ಇದೇ. ಕೆಲವದರಲ್ಲಿ ಮೊದಲ ಹೆಸರು ಮೈದಾ, ಬಣ್ಣ ಬಂದದ್ದು ಕ್ಯಾರಮೆಲ್‌ನಿಂದ.

ಪ್ಯಾಕೆಟ್‌ನ ಮುಖದ ಮೇಲಿನ ಮಾತಿಗೆ ಸರ್ಕಾರವೇ ಆಗಾಗ ಕಡಿವಾಣ ಹಾಕಿದ್ದಿದೆ. 2024ರ ಏಪ್ರಿಲ್‌ನಲ್ಲಿ ಹಾಲಿಗೆ ಹಾಕುವ ಪುಡಿಗಳನ್ನೂ ಇಂಥ ಪಾನೀಯಗಳನ್ನೂ "ಹೆಲ್ತ್ ಡ್ರಿಂಕ್" ಅನ್ನುವ ವಿಭಾಗದಿಂದ ತೆಗೆಯಿರಿ ಅಂತ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಆಹಾರ ಕಾನೂನಿನಲ್ಲಿ ಹಾಗೊಂದು ಪದಕ್ಕೆ ಅರ್ಥವೇ ಇಲ್ಲ. ಅದೇ ವರ್ಷ ಜೂನ್‌ನಲ್ಲಿ ಡಬ್ಬದ ಜ್ಯೂಸುಗಳ ಮೇಲಿನ "100% ಹಣ್ಣಿನ ರಸ" ಅನ್ನುವ ಮಾತನ್ನು ತೆಗೆಯಿರಿ ಅಂತ ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹೇಳಿತು.

ಇನ್ನೊಂದು ಸಣ್ಣ ಆಟ ಇದೆ. "ದಿನಕ್ಕೆ ಬೇಕಾದ್ದರಲ್ಲಿ ಶೇಕಡಾ ಇಷ್ಟು" ಅಂತ ಹಿಂದೆ ಬರೆದಿರುತ್ತಾರಲ್ಲ, ಅದು ಒಂದು ಸರ್ವಿಂಗ್‌ನ ಲೆಕ್ಕ. ಸರ್ವಿಂಗ್ ಅಂದರೆ ಎರಡು ಬಿಸ್ಕತ್ತು. ಎರಡೇ ಬಿಸ್ಕತ್ತು ತಿಂದು ಪ್ಯಾಕೆಟ್ ಮಡಚಿಟ್ಟವರನ್ನು ನಾನು ನೋಡಿಲ್ಲ. ಮೇಲಾಗಿ ಸಕ್ಕರೆಯ ಶೇಕಡಾ ಹಾಕುವುದು ದಿನಕ್ಕೆ 50 ಗ್ರಾಂ ಅನ್ನುವ ಲೆಕ್ಕದಲ್ಲಿ. 25 ಗ್ರಾಂ ನಿಮ್ಮ ಗುರಿಯಾದರೆ ಆ ಶೇಕಡಾವನ್ನು ಎರಡರಿಂದ ಗುಣಿಸಿಕೊಳ್ಳಿ. ಸೋಡಿಯಂ ಅಂತ ಬರೆದಿದ್ದರೆ ಎರಡೂವರೆಯಿಂದ ಗುಣಿಸಿ, ಉಪ್ಪು ಎಷ್ಟು ಅಂತ ಸಿಗುತ್ತದೆ. ಇದನ್ನು ಹಪ್ಪಳದ ಪ್ಯಾಕೆಟ್ ಮೇಲೆ ಮಾಡಿದ ದಿನ ಊಟದ ಹೊತ್ತಿಗೆ ನಾನು ಬಾಯಿ ಬಿಡಬಾರದಿತ್ತು. ಅಮ್ಮ ಎರಡು ದಿನ ಮಾತು ಬಿಟ್ಟಳು.

ಇಷ್ಟೆಲ್ಲಾ ಕಲಿತವನು ಸುಮ್ನೆ ಇರುತ್ತಾನೆಯೇ? ಮುಂದಿನ ಭಾನುವಾರ ದೇವರಾಜ ಮಾರುಕಟ್ಟೆಗೆ ಹೋದೆ. ಎರಡು ಚೀಲ. ಬೀನ್ಸು, ಹೀರೆಕಾಯಿ, ಮೂಲಂಗಿ, ಗೋರಿಕಾಯಿ, ಸೀಮೆಬದನೆ, ಕುಂಬಳ. ಸೊಪ್ಪಿನವಳ ಮುಂದೆ ನಿಂತು ದಂಟು, ಮೆಂತ್ಯ, ಸಬ್ಬಸಿಗೆ, ಹೊನಗೊನೆ ಅಂತ ಎಂಟು ಕಟ್ಟು ತಗೊಂಡೆ. "ಮನೇಲಿ ವಿಶೇಷನಾ ಸಾ?" ಅಂತ ಕೇಳಿದಳು. ಹುರುಳಿ, ಅಲಸಂದೆ, ಕಡಲೆಕಾಳು ತಲಾ ಎರಡು ಕೆಜಿ. ಜೊತೆಗೆ ಸಿರಿಧಾನ್ಯ ಅಂತ ನವಣೆ, ಸಾಮೆ, ಕೊರಲೆ ಒಂದೊಂದು ಕೆಜಿ, ಅಕ್ಕಿಗಿಂತ ಎಷ್ಟೋ ದುಬಾರಿ ಕೊಟ್ಟು. ಬಿಸ್ಕತ್ತು, ಜ್ಯೂಸು, ಜಾಮು, ನೂಡಲ್ಸ್ ಎಲ್ಲಾ ಬಂದ್. ಅಡುಗೆಮನೆ ಕಟ್ಟೆ ಮೇಲೆ ಎಲ್ಲವನ್ನೂ ಸುರಿದು, ಯುದ್ಧ ಗೆದ್ದವನ ಹಾಗೆ ನಿಂತೆ.

ಹೆಂಡತಿ ಬ್ಯಾಂಕ್ ಕೆಲಸದವಳು. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಮನೆ ಸೇರುವುದು ಏಳಕ್ಕೆ. ಕಟ್ಟೆ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ತರೋದೇನೋ ತಂದ್ರಿ. ಬಿಡಿಸೋರು ಯಾರು?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಗುರುವಾರದ ಹೊತ್ತಿಗೆ ಐದು ಕಟ್ಟು ಸೊಪ್ಪು ಫ್ರಿಜ್‌ನಲ್ಲೇ ಹಳದಿಯಾಗಿ, ಅಂಟಂಟಾಗಿ, ಕಸದ ಬುಟ್ಟಿಗೆ ಹೋಯಿತು. ನವಣೆಯನ್ನು ಅನ್ನದ ಹಾಗೆ ಬೇಯಿಸಲು ಹೋಗಿ ಗಂಜಿಯಾಯಿತು. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಎಲ್ಲರಿಗೂ ಹಸಿವು, ಯಾರಿಗೂ ಕೈಲಾಗದು. ಮಗಳು ಮೊಬೈಲ್ ತೆಗೆದಳು. ಹದಿನೈದು ನಿಮಿಷಕ್ಕೆ ನೂಡಲ್ಸ್ ಬಾಗಿಲಿಗೇ ಬಂತು. ನಾನೂ ತಿಂದೆ. ರುಚಿಯಾಗಿಯೇ ಇತ್ತು.

ಊಟ ಆದ ಮೇಲೆ ಸೋಲಿನ ಬೇಜಾರಿನಲ್ಲಿ ಆ ಹಳೇ ಚೀಟಿ ತಂದು ಅಮ್ಮನಿಗೆ ತೋರಿಸಿದೆ. "ನೋಡಮ್ಮಾ, ನೀನು ಇದಿಷ್ಟರಲ್ಲೇ ಮನೆ ನಡೆಸ್ತಿದ್ದೆ. ನಮಗ್ಯಾಕೆ ಆಗ್ತಿಲ್ಲ?" ಅಂದೆ. ಅವಳು ಕನ್ನಡಕ ಹಾಕಿಕೊಂಡು ತನ್ನದೇ ಅಕ್ಷರವನ್ನು ತುಂಬಾ ಹೊತ್ತು ನೋಡಿದಳು.

"ಇದರಲ್ಲಿ ಸಾಮಾನು ಬರೆದಿದೆ ಕಣೋ. ಕೆಲಸ ಬರೆದಿಲ್ಲ."

ಆಮೇಲೆ ಚೀಟಿಯ ಮೇಲೆ ಬೆರಳಿಟ್ಟು ಒಂದೊಂದು ಸಾಲನ್ನೂ ಓದುತ್ತಾ ಹೋದಳು. ರಾಗಿ ಅಂದರೆ ಮೊರದಲ್ಲಿ ಕೇರಬೇಕು, ಕಲ್ಲು ಆರಿಸಬೇಕು, ತೊಳೆದು ಒಣಗಿಸಬೇಕು, ಮಿಲ್ಲಿಗೆ ಹೊತ್ತುಕೊಂಡು ಹೋಗಿ ಸರತಿಯಲ್ಲಿ ಕೂರಬೇಕು. ಹುರುಳಿ ಅಂದರೆ ರಾತ್ರಿ ನೆನೆಹಾಕಬೇಕು, ಬೆಳಿಗ್ಗೆ ಕಟ್ಟಬೇಕು, ಮಾರನೇ ದಿನ ಮೊಳಕೆ. ಧನಿಯ, ಮೆಣಸಿನಕಾಯಿ ಅಂದರೆ ಹುರಿದು ಪುಡಿ ಮಾಡುವ ಎರಡು ದಿನ, ಸೀನು, ಕಣ್ಣುರಿ. ಸೊಪ್ಪು ಚೀಟಿಯಲ್ಲೇ ಇಲ್ಲ, ಅದು ಬಾಗಿಲಿಗೆ ಬರುತ್ತಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಒಬ್ಬಳೇ ಕೂತು ಬಿಡಿಸುವುದು. "ಬಸ್ಸಾರು ಬಸ್ಸಾರು ಅಂತ ಚಪ್ಪರಿಸ್ತಿದ್ರಲ್ಲ ನೀವೆಲ್ಲಾ, ನಾನು ನಾಲ್ಕೂವರೆಗೆ ಏಳ್ತಿದ್ದೆ. ಈ ಚೀಟಿ ನೋಡಿ ಆರೋಗ್ಯ ಅಂತೀಯ. ನನ್ನ ಸೊಂಟ ಕೇಳು, ಬೇರೆ ಹೇಳತ್ತೆ."

ಅಲ್ಲಿಯವರೆಗೆ ನಾನು ಅಂಗಡಿಯಲ್ಲಿ ಆರಿಸುವುದನ್ನು ಬುದ್ಧಿಯ ಪ್ರಶ್ನೆ ಅಂದುಕೊಂಡಿದ್ದೆ. ತಿಳಿದವನು ಒಳ್ಳೇದು ತರುತ್ತಾನೆ, ತಿಳಿಯದವನು ಮೋಸ ಹೋಗುತ್ತಾನೆ. ಅಮ್ಮನ ಮಾತು ಕೇಳಿದ ಮೇಲೆ ಬಿಲ್ ಮೇಲಿನ ಗುರುತುಗಳು ಬೇರೆ ಥರ ಕಂಡವು. ಕತ್ತರಿ ಸಾಮಾನು ನಮ್ಮ ಮನೆಗೆ ನುಗ್ಗಿದ್ದು ಜಾಹೀರಾತಿನಿಂದ ಮಾತ್ರ ಅಲ್ಲ. ಅಮ್ಮನ ಕೈ ಸೋತ ವರ್ಷಗಳಲ್ಲಿ, ಹೆಂಡತಿ ಕೆಲಸಕ್ಕೆ ಸೇರಿದ ವರ್ಷಗಳಲ್ಲಿ, ನಾನು ಮಾತ್ರ ಅಪ್ಪನ ಹಾಗೇ ತಟ್ಟೆ ಮುಂದೆ ಬಂದು ಕೂರುತ್ತಿದ್ದೆ. ಆ ಖಾಲಿ ಜಾಗಕ್ಕೆ ಯಾರಾದರೂ ಬರಬೇಕಿತ್ತು. ನೂಡಲ್ಸ್ ಬಂತು. ಹನ್ನೊಂದು ಕೆಜಿ ತರಕಾರಿ ತಾ ಅನ್ನುವುದು ಸುಲಭ, ಅದು ಹೆಚ್ಚುವ ಕೈ ಯಾರದ್ದು ಅಂತ ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ.

ಅದಾದ ಮೇಲೆ ನಾವು ಚೀಟಿ ಬರೆಯುವ ಕ್ರಮ ಬದಲಾಯಿತು. ಬದಲಾಯಿತು ಅಂದರೆ ಜಗಳ ಮಾಡಿ ಮಾಡಿ ಬದಲಾಯಿತು. ಶನಿವಾರ ರಾತ್ರಿ ಕೂತು, ಮೊದಲು ಈ ವಾರ ಯಾರ ಕೈಗೆ ಎಷ್ಟು ಹೊತ್ತಿದೆ ಅಂತ ನೋಡುತ್ತೇವೆ. ಆಮೇಲೆ ಸಾಮಾನು. ಕಾಳು ನೆನೆಹಾಕುವುದು ನನ್ನ ಪಾಲು. ಸೊಪ್ಪು ಬಿಡಿಸುವುದೂ ನನ್ನದೇ. ಮೊದಲ ಸಲ ಎರಡು ಕಟ್ಟು ಮೆಂತ್ಯ ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು, ಈಗ ಕ್ರಿಕೆಟ್ ನೋಡುತ್ತಾ ಇಪ್ಪತ್ತು ನಿಮಿಷ. ನನ್ನ ಕೈಗೆ ಎಷ್ಟು ಆಗುತ್ತದೋ ಅಷ್ಟೇ ಸೊಪ್ಪು ತರುತ್ತೇನೆ. ವಾರಕ್ಕೆ ನಾಲ್ಕು ಕಟ್ಟು. ಒಟ್ಟು ತರಕಾರಿ ಹನ್ನೊಂದು ಕೆಜಿ ಮುಟ್ಟಿಲ್ಲ, ಎಂಟರ ಹತ್ತಿರ ಬಂದಿದ್ದೇವೆ. ಮಗಳು ಹುರುಳಿಕಾಯಿ ಹೆಚ್ಚುತ್ತಾಳೆ, ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ಮಾತ್ರ.

ನನ್ನ ಒಲೆ-ಕತ್ತರಿ ವಿಂಗಡಣೆಯೂ ಅಷ್ಟಕ್ಕೇ ಮುರಿದುಬಿತ್ತು. ಕತ್ತರಿ ಸಾಮಾನೆಲ್ಲಾ ಕೆಟ್ಟದ್ದಲ್ಲ. ಮೊಸರು, ಹುರಿಗಡಲೆ, ಹುರಿದ ಕಡಲೆಕಾಯಿ, ಬಾಳೆಹಣ್ಣು, ಸೀಬೆ ಇವಕ್ಕೆಲ್ಲ ಒಲೆ ಯಾಕೆ ಬೇಕು? ಸಂಜೆ ಐದರ ಹಸಿವಿಗೆ ಬಿಸ್ಕತ್ತಿನ ಜಾಗದಲ್ಲಿ ಈಗ ಕಡಲೆಕಾಯಿ ಡಬ್ಬ ಇದೆ, ಖರ್ಚೂ ಕಡಿಮೆ. ದೋಸೆಹಿಟ್ಟಿನ ಪ್ಯಾಕೆಟ್ ತರಲು ನನಗೆ ಮೊದಲು ನಾಚಿಕೆಯಾಗುತ್ತಿತ್ತು, ಅಮ್ಮ ಏನನ್ನುತ್ತಾಳೋ ಅಂತ. ಒಂದು ದಿನ ಅದರ ಬೆನ್ನು ತಿರುಗಿಸಿ ಓದಿದೆ. ಅಕ್ಕಿ, ಉದ್ದು, ಮೆಂತ್ಯ, ಉಪ್ಪು, ನೀರು. ಐದೇ ಪದ, ನೀರು ಬಿಟ್ಟರೆ ಎಲ್ಲಾ ಅಮ್ಮನ ಚೀಟಿಯ ಪದಗಳೇ. ಬೇರೆ ಯಾರೋ ರುಬ್ಬಿಕೊಟ್ಟಿದ್ದಾರೆ, ದುಡ್ಡು ಕೊಟ್ಟಿದ್ದೇವೆ. ಅಮ್ಮ ಏನೂ ಅನ್ನಲಿಲ್ಲ. "ನನ್ನ ಕಾಲದಲ್ಲಿ ಇದ್ದಿದ್ರೆ ನಾನೂ ತರಿಸ್ತಿದ್ದೆ" ಅಂದಳು.

ಸಿರಿಧಾನ್ಯ ಬಿಟ್ಟೆವು. ಅದರ ಮೇಲೆ ಕೋಪವಿಲ್ಲ. ನಮ್ಮ ಮನೆಯ ಕೈಗೆ ರಾಗಿ ಗೊತ್ತು, ನವಣೆ ಗೊತ್ತಿಲ್ಲ. ಅಕ್ಕಿ 25ರಿಂದ 18ಕ್ಕೆ ಇಳಿದಿದೆ, ರಾಗಿ ಐದಾಗಿದೆ. ಹೆಂಡತಿ ಮುದ್ದೆ ತಿರುವುವುದರಲ್ಲಿ ಗಟ್ಟಿಗಿತ್ತಿ, ನಾನಿನ್ನೂ ಗಂಟಿನ ಮಟ್ಟದಲ್ಲಿದ್ದೇನೆ. ಜ್ಯೂಸು ನಿಂತಿದೆ. ನೂಡಲ್ಸ್ ನಿಂತಿಲ್ಲ, ತಿಂಗಳಿಗೆ ಎರಡು ಸಲ ಅಂತ ಒಪ್ಪಂದ. ಉಪ್ಪಿನ ಪ್ಯಾಕೆಟ್ ಈಗ 34 ದಿನ ಬರುತ್ತಿದೆ. ಹಪ್ಪಳದ ವಿಷಯ ನಾನು ಎತ್ತುವುದಿಲ್ಲ.

ಮುಂದಿನ ರಕ್ತ ಪರೀಕ್ಷೆ ಬರುವ ತಿಂಗಳು. ಈ ವಾರದ ಚೀಟಿ ಫ್ರಿಜ್ ಮೇಲೆ ಅಂಟಿಸಿದೆ, ಮಗಳ ಅಕ್ಷರ:

ಮೆಂತ್ಯ ಸೊಪ್ಪು 4 ಕಟ್ಟು – ಅಪ್ಪ
ಹುರುಳಿಕಾಳು 1 ಕೆಜಿ – ಅಪ್ಪ (ರಾತ್ರಿ ನೆನೆಹಾಕೋದು ಮರೀಬೇಡ!!)
ಬೀನ್ಸ್ 1 ಕೆಜಿ – ನಾನು
ಸೀಬೆ 2 ಕೆಜಿ – ಯಾರೂ ಬೇಡ
ದೋಸೆಹಿಟ್ಟು 1 – ಅಂಗಡಿಯವರು
ಬಿಸ್ಕತ್ತು 2 (ಅಜ್ಜಿಗೆ, ಕಾಫಿ ಜೊತೆ)